ಹಳೆ ಕಾರಿನಲ್ಲಿ ಏನು ಬದಲಿಸಬೇಕು, ಏನು ಮುಟ್ಟಬಾರದು: ಕರಾವಳಿಯ ಮಾಲೀಕರಿಗೆ ಒಂದು ಹೋಲಿಕೆ

ಮಂಗಳೂರು, ಉಡುಪಿ ಕಡೆ ಯಾರಾದರೂ ಅಂಬಾಸಿಡರನ್ನೋ ಪ್ರೀಮಿಯರ್ ಪದ್ಮಿನಿಯನ್ನೋ ಸರಿ ಮಾಡಿಸಲು ಹೊರಟರೆ ಮೊದಲು ಕೇಳಿ ಬರುವ ಪ್ರಶ್ನೆ ಒಂದೇ: "ಡಿಸ್ಕ್ ಬ್ರೇಕ್ ಹಾಕಿಸ್ತೀರಾ?" ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕಿಂತ ಮುಂಚೆ ಟಯರ್ ಉಂಟು, ಬ್ರೇಕ್ ಆಯಿಲ್ ಉಂಟು, ಸೀಟ್ ಬೆಲ್ಟ್, ಮುಂದಿನ ಗಾಜು, ಹೆಡ್‌ಲೈಟಿನ ವೈರಿಂಗ್ ಉಂಟು. ಇವುಗಳಿಗೆ ಹೋಗುವ ದುಡ್ಡು ಕಡಿಮೆ. ಕಾರಿನ ರೂಪ ಕೆಡುವುದಿಲ್ಲ. ಆದರೆ ಅಪಾಯದ ಹೊತ್ತಿನಲ್ಲಿ ಇವು ಮಾಡುವ ಉಪಕಾರ ದೊಡ್ಡದು.

ಈ ಕಾರುಗಳ ವಯಸ್ಸನ್ನು ಆರ್‌ಸಿ ನೋಡಿ ಲೆಕ್ಕ ಹಾಕಬೇಡಿ. ಅಂಬಾಸಿಡರ್ 2014ರವರೆಗೂ ತಯಾರಾಯಿತು, ಆದರೆ ಅದರ ಮೂಲ 1950ರ ದಶಕದ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಪದ್ಮಿನಿಯ ಮೂಲ ಫಿಯೆಟ್ 1100. ಇವನ್ನು ರೂಪಿಸಿದವರು ಇವತ್ತಿನ ರಾಷ್ಟ್ರೀಯ ಹೆದ್ದಾರಿ 66ರ ವೇಗವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ. ಗಂಟೆಗೆ 40 ಕಿಲೋಮೀಟರ್ ಬದಲು 80ರಲ್ಲಿ ಹೋದರೆ ಬ್ರೇಕ್ ನುಂಗಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹಿಂದೆ ಎಕ್ಸ್‌ಪ್ರೆಸ್ ಬಸ್ಸು ಹಾರ್ನ್ ಹಾಕುತ್ತಾ ಬರುತ್ತಿರುತ್ತದೆ. ಮುಂದಿನ ಹೊಸ ಕಾರು ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಬ್ರೇಕ್ ಒತ್ತಿ ಥಟ್ಟನೆ ನಿಲ್ಲುತ್ತದೆ. ನಡುವೆ ಸಿಕ್ಕಿಕೊಂಡವರು ನಾವು. ಇದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ವರ್ಷವಿಡೀ ಉಪ್ಪುಗಾಳಿ, ಪೂರ್ವಕ್ಕೆ ಹೊರಟರೆ ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳು.

ಹಾಗಂತ ಎಲ್ಲವನ್ನೂ ಕಿತ್ತು ಹೊಸದು ತುಂಬಿದರೆ ಉಳಿಯುವುದು ಹಳೆ ಕಾರಿನ ಚಿಪ್ಪು ಅಷ್ಟೇ. ಹಳೆ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫೀವಾದ ಟೂರಿನ್ ಚಾರ್ಟರ್ ಈ ವಿಷಯದಲ್ಲಿ ಸರಿಯಾದ ಮಾತು ಹೇಳುತ್ತದೆ. ಸುರಕ್ಷತೆಗಾಗಿ ಬದಲಾವಣೆ ಬೇಕಾದರೆ ಮಾಡಿ, ಆದರೆ ಅದು ಕಣ್ಣಿಗೆ ಹೊಡೆಯದಂತೆ ಇರಲಿ, ಬಿಚ್ಚಿದ ಮೂಲ ಭಾಗಗಳನ್ನು ಕಾರಿನ ಜೊತೆಗೇ ಉಳಿಸಿಕೊಳ್ಳಿ ಎನ್ನುವುದು ಅದರ ಸಾರ. ಗ್ಯಾರೇಜಿನ ಭಾಷೆಯಲ್ಲಿ ಇದನ್ನು ಹೀಗೆ ಹೇಳಬಹುದು: ಸ್ಪ್ಯಾನರ್ ಹಿಡಿದು ಹಾಕಿ, ಸ್ಪ್ಯಾನರ್ ಹಿಡಿದೇ ತೆಗೆಯಬಹುದಾದರೆ ಧೈರ್ಯವಾಗಿ ಮಾಡಿಸಿ. ಗ್ಯಾಸ್ ಕಟ್ಟರ್, ವೆಲ್ಡಿಂಗ್ ಬೇಕು ಅಂತ ಮೇಸ್ತ್ರಿ ಹೇಳಿದರೆ ನಿಲ್ಲಿಸಿ ಯೋಚಿಸಿ. ಅದೇ ಮಾದರಿಯ ನಂತರದ ವರ್ಷಗಳಲ್ಲಿ ಕಂಪೆನಿಯೇ ಕೊಟ್ಟ ಭಾಗ ಸಿಕ್ಕಿದರೆ ಹೊರಗಿನ ಯಾವ ಭಾಗಕ್ಕಿಂತಲೂ ಅದೇ ಮೇಲು.

ಬ್ರೇಕ್: ನಾಲ್ಕು ದಾರಿಗಳು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ದುಡ್ಡು ಹಾಳಾಗುವುದೂ ಇಲ್ಲೇ, ಜೀವಕ್ಕೆ ಕುತ್ತು ಬರುವುದೂ ಇಲ್ಲೇ.

ಮೊದಲ ದಾರಿ, ಇರುವ ಡ್ರಮ್ ಬ್ರೇಕನ್ನೇ ಪೂರ್ತಿ ಹೊಸದರಂತೆ ಮಾಡುವುದು. ಚಕ್ರದ ಜೊತೆ ತಿರುಗುವ ಡಬ್ಬಿಯಂಥ ಡ್ರಮ್ಮಿನ ಒಳಗೋಡೆಗೆ ಶೂ ಒತ್ತಿ ನಿಲ್ಲಿಸುವ ಬ್ರೇಕ್ ಅದು. ಹಳೆ ಕಾರಿನ ಬ್ರೇಕ್ ಸರಿ ಇಲ್ಲ ಅಂತ ದೂರುವವರಲ್ಲಿ ಹೆಚ್ಚಿನವರು ಆ ಬ್ರೇಕನ್ನು ಅದರ ಒಳ್ಳೆಯ ಸ್ಥಿತಿಯಲ್ಲಿ ನೋಡಿಯೇ ಇರುವುದಿಲ್ಲ. ಡ್ರಮ್ ಅಂಡಾಕಾರ ಆಗಿರುತ್ತದೆ. ಶೂ ಒತ್ತುವ ವೀಲ್ ಸಿಲಿಂಡರ್ ತುಕ್ಕು ಹಿಡಿದು ಅರ್ಧ ಜಾಮ್ ಆಗಿರುತ್ತದೆ. ರಬ್ಬರ್ ಹೋಸ್ ಒಳಗಿನಿಂದ ಊದಿಕೊಂಡು, ಪೆಡಲ್ ಬಿಟ್ಟ ಮೇಲೂ ಬ್ರೇಕ್ ಹಿಡಿದುಕೊಂಡೇ ಇರುತ್ತದೆ. ಡ್ರಮ್ಮನ್ನು ಲೇತ್‌ನಲ್ಲಿ ಹೊಡೆಸಿ, ಶೂ ಮೇಲಿನ ಉಜ್ಜುವ ಪದರವಾದ ಲೈನಿಂಗನ್ನು ಹೊಸದು ತಂದು ಡ್ರಮ್ಮಿನ ಸುತ್ತಳತೆಗೆ ಸರಿಯಾಗಿ ಕೂರಿಸಿ, ಸಿಲಿಂಡರ್, ಹೋಸ್ ಎಲ್ಲ ಹೊಸದು ಹಾಕಿಸಿದರೆ ಕಾರು ನೇರವಾಗಿ, ನಂಬುವ ಹಾಗೆ ನಿಲ್ಲುತ್ತದೆ. ಲೇತ್‌ಗೆ ಒಂದು ಮಿತಿ ಉಂಟು. ಹೊಡೆಸಿ ಹೊಡೆಸಿ ತೆಳ್ಳಗಾದ ಡ್ರಮ್ ಬೇಗ ಬಿಸಿಯಾಗುತ್ತದೆ, ಅದನ್ನು ಬದಲಿಸಲೇಬೇಕು. ಸ್ಟೀಲ್ ಬ್ರೇಕ್ ಪೈಪ್ ನಮ್ಮ ಉಪ್ಪುಗಾಳಿಗೆ ಹೊರಗಿನಿಂದ ತಿಂದು ಹೋಗುತ್ತದೆ. ಅದರ ಬದಲು ತಾಮ್ರ-ನಿಕಲ್ ಮಿಶ್ರಲೋಹದ ಪೈಪ್ ಹಾಕಿಸಿದರೆ ತುಕ್ಕಿನ ಚಿಂತೆ ಇಲ್ಲ. ಇನ್ನೊಂದು ಮಾತು. ಹಳೆ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಉಂಟು. ಡ್ರಮ್ ತೆಗೆದು ಕಂಪ್ರೆಸರ್ ಗಾಳಿ ಹೊಡೆಯುವ ಅಭ್ಯಾಸವನ್ನು ನಿಲ್ಲಿಸಿ ಅಂತ ಹುಡುಗರಿಗೆ ಹೇಳಿ. ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಲಿ.

ಎರಡನೆಯದು ಸರ್ವೊ, ಅಂದರೆ ಬ್ರೇಕ್ ಬೂಸ್ಟರ್. ಎಂಜಿನ್ನಿನ ವ್ಯಾಕ್ಯೂಮ್ ಬಳಸಿ ಕಾಲಿನ ಶ್ರಮ ಕಡಿಮೆ ಮಾಡುತ್ತದೆ. ಮೊಣಕಾಲು ನೋವಿದ್ದವರಿಗೆ, ಪೆಡಲ್ ಬಲವಾಗಿ ಒತ್ತಲಾಗದವರಿಗೆ ಒಳ್ಳೆಯದು. ಆದರೆ ಸರ್ವೊ ಬ್ರೇಕಿನ ತಾಕತ್ತನ್ನು ಹೆಚ್ಚಿಸುವುದಿಲ್ಲ. ಡ್ರಮ್ ಬಿಸಿಯಾಗುವುದು ಅಷ್ಟೇ, ಟಯರ್ ಹಿಡಿಯುವುದೂ ಅಷ್ಟೇ. ಒದ್ದೆ ರಸ್ತೆಯಲ್ಲಿ ಹಗುರಾಗಿ ಒತ್ತಿದರೂ ಚಕ್ರ ಲಾಕ್ ಆಗಿ ಜಾರಬಹುದು. ಎಂಜಿನ್ ಆಫ್ ಆದರೆ ಒಂದೆರಡು ಸಲ ಒತ್ತುವಷ್ಟರಲ್ಲಿ ಆ ನೆರವೂ ಮುಗಿಯುತ್ತದೆ. ಘಾಟಿ ಇಳಿಯುವಾಗ ಎಂಜಿನ್ ಆಫ್ ಮಾಡಿ ಪೆಟ್ರೋಲ್ ಉಳಿಸುವ ಹಳೆ ಚಾಳಿ ಇದ್ದವರು ಇದನ್ನು ನೆನಪಿಡಬೇಕು.

ಮೂರನೆಯದು ಮುಂದಿನ ಚಕ್ರಕ್ಕೆ ಡಿಸ್ಕ್, ಅಂದರೆ ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಪ್ಯಾಡ್ ಹಿಡಿಯುವ ಬ್ರೇಕ್. ಇದರ ಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಡ್ರಮ್ ಬಿಸಿಯಾದಾಗ ಹಿಗ್ಗಿ ಶೂನಿಂದ ದೂರ ಹೋಗುತ್ತದೆ, ಪೆಡಲ್ ಕೆಳಗೆ ಇಳಿಯುತ್ತದೆ. ಡಿಸ್ಕಿಗೆ ಆ ತೊಂದರೆ ಇಲ್ಲ, ಗಾಳಿಗೆ ಬೇಗ ತಣಿಯುತ್ತದೆ. ನೀರು ನಿಂತ ರಸ್ತೆ ದಾಟಿದ ಮೇಲೆ ಡಿಸ್ಕ್ ಕ್ಷಣದಲ್ಲಿ ಒಣಗುತ್ತದೆ, ಡ್ರಮ್ ಒಳಗೆ ನೀರು ಕೂತು ಬ್ರೇಕೇ ಇಲ್ಲದಂತೆ ಆಗುತ್ತದೆ. ಹಾಗಾದರೆ ಎಲ್ಲರೂ ಡಿಸ್ಕ್ ಹಾಕಿಸಬಹುದಲ್ವಾ? ಅಂಬಾಸಿಡರ್ ಇದ್ದವರಿಗೆ ನನ್ನ ಉತ್ತರ ಒಂದು, ಪದ್ಮಿನಿ ಇದ್ದವರಿಗೆ ಇನ್ನೊಂದು. ಅಂಬಾಸಿಡರಿನ ಕೊನೆಯ ಕಾಲದ ಮಾದರಿಗಳಲ್ಲಿ ಕಂಪೆನಿಯೇ ಮುಂದೆ ಡಿಸ್ಕ್ ಕೊಟ್ಟಿತ್ತು. ಆ ಸೆಟ್ ಪೂರ್ತಿಯಾಗಿ, ಅದರದ್ದೇ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ದೂಡುವ ಭಾಗ) ಸಮೇತ ಸಿಕ್ಕಿದರೆ ಹಾಕಿಸಿ. ಅದು ಅದೇ ಮನೆತನದ ಭಾಗ, ಮುಂದೆ ತೆಗೆಯಲೂ ಬರುತ್ತದೆ. ಪದ್ಮಿನಿಗೆ ಕಂಪೆನಿ ಡಿಸ್ಕ್ ಕೊಟ್ಟಿರಲಿಲ್ಲ. ಅಲ್ಲಿ ಬೇರೆ ಕಾರಿನ ಕ್ಯಾಲಿಪರ್ (ಪ್ಯಾಡ್ ಹಿಡಿದಿರುವ ಭಾಗ) ತಂದು, ಪ್ಲೇಟ್ ಕತ್ತರಿಸಿ ಬ್ರ್ಯಾಕೆಟ್ ಮಾಡಿ ಕೂರಿಸುತ್ತಾರೆ. ಆ ಬ್ರ್ಯಾಕೆಟ್ಟಿನ ಗಟ್ಟಿತನವನ್ನು ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಡ್ರಮ್ಮಿಗಾಗಿ ಮಾಡಿದ ಮಾಸ್ಟರ್ ಸಿಲಿಂಡರ್ ದೂಡುವ ಆಯಿಲ್ ಕ್ಯಾಲಿಪರಿಗೆ ಸಾಲದೆ ಹೋಗಬಹುದು. ಡ್ರಮ್ಮಿನ ಲೈನಿನಲ್ಲಿ ಒತ್ತಡ ಹಿಡಿದಿಡುವ ವಾಲ್ವ್ ಡಿಸ್ಕಿನ ಲೈನಿನಲ್ಲೂ ಉಳಿದರೆ ಪ್ಯಾಡ್ ಸದಾ ಉಜ್ಜುತ್ತದೆ. ಮುಂದೆ ಹಿಂದೆ ಹಿಡಿತದ ಹೊಂದಾಣಿಕೆ ತಪ್ಪಿದರೆ ಮಳೆಯಲ್ಲಿ ಕಾರು ಅಡ್ಡ ತಿರುಗುತ್ತದೆ. ಪದ್ಮಿನಿಗೆ ಇದು ಬೇಡ ಎನ್ನುವುದೇ ನನ್ನ ಸಲಹೆ.

ನಾಲ್ಕನೆಯದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಎರಡು ಸರ್ಕ್ಯೂಟಿನ ಟ್ಯಾಂಡಮ್ ಮಾಸ್ಟರ್ ಸಿಲಿಂಡರ್. ಹಳೆ ಕಾರುಗಳಲ್ಲಿ ನಾಲ್ಕೂ ಚಕ್ರಕ್ಕೆ ಸೇರಿ ಒಂದೇ ಸರ್ಕ್ಯೂಟ್ ಇರುವುದು ಸಾಮಾನ್ಯ. ಒಂದು ವೀಲ್ ಸಿಲಿಂಡರಿನ ರಬ್ಬರ್ ಕಪ್ ಹರಿದರೂ ಪೆಡಲ್ ನೆಲಕ್ಕೆ ಹೋಗುತ್ತದೆ. ಉಳಿಯುವುದು ಹ್ಯಾಂಡ್ ಬ್ರೇಕ್ ಮಾತ್ರ. ಟ್ಯಾಂಡಮ್ ಹಾಕಿದರೆ ಮುಂದಿನದು ಹೋದರೂ ಹಿಂದಿನದು ಇರುತ್ತದೆ, ಹಿಂದಿನದು ಹೋದರೂ ಮುಂದಿನದು ಇರುತ್ತದೆ. ಹೊರಗಿನಿಂದ ನೋಡಿದರೆ ಕಾಣುವುದೂ ಇಲ್ಲ. ಡಿಸ್ಕ್, ಟ್ಯಾಂಡಮ್ ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದ್ದರೆ ಕಣ್ಣು ಮುಚ್ಚಿ ಟ್ಯಾಂಡಮ್ ಆರಿಸಿ. ಡಿಸ್ಕ್ ಕಾರನ್ನು ಬೇಗ ನಿಲ್ಲಿಸುತ್ತದೆ, ಟ್ಯಾಂಡಮ್ ಕಾರು ನಿಲ್ಲುವುದೇ ಇಲ್ಲ ಎನ್ನುವ ಸ್ಥಿತಿ ಬಾರದಂತೆ ನೋಡಿಕೊಳ್ಳುತ್ತದೆ. ಅಳತೆ ಮಾತ್ರ ಸರಿಯಾಗಿ ಹೊಂದಬೇಕು, ಸಿಲಿಂಡರಿನ ಬೋರ್ ಹೆಚ್ಚು ಕಡಿಮೆಯಾದರೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಇಲ್ಲವೇ ತುಂಬಾ ಕೆಳಗೆ ಹೋಗುತ್ತದೆ.

ಯಾವ ದಾರಿ ಹಿಡಿದರೂ ಬ್ರೇಕ್ ಆಯಿಲ್ ಮರೆಯಬೇಡಿ. ಬ್ರೇಕ್ ಆಯಿಲ್‌ನ ದರ್ಜೆಗಳಾದ ಡಾಟ್ 3, ಡಾಟ್ 4 ಎರಡೂ ಗಾಳಿಯ ತೇವ ಹೀರುತ್ತವೆ, ಕರಾವಳಿಯ ಗಾಳಿಯಲ್ಲಿ ತೇವಕ್ಕೆ ಬರ ಇಲ್ಲ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿವರೆಗೆ ಕುದಿಯುವುದಿಲ್ಲ, ತೇವ ಹೀರಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಆಯಿಲ್ ಕುದಿದು ಆವಿಯಾಗುತ್ತದೆ, ಆವಿಯನ್ನು ಎಷ್ಟು ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ಡಾಟ್ 4 ಹಾಕಿಸಿ, ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಬದಲಿಸಿ. ಸಿಲಿಕೋನ್‌ನ ಡಾಟ್ 5 ತೇವ ಹೀರುವುದಿಲ್ಲ, ಬಣ್ಣವನ್ನೂ ತಿನ್ನುವುದಿಲ್ಲ. ಆದರೆ ಉಳಿದೆರಡರ ಜೊತೆ ಅದನ್ನು ಬೆರೆಸುವಂತಿಲ್ಲ. ದಾರಿಯಲ್ಲಿ ಕಡಿಮೆ ಬಿದ್ದರೆ ಆಗುಂಬೆ ಕೆಳಗಿನ ಹೆಬ್ರಿಯ ಅಂಗಡಿಯಲ್ಲಿ ಕೈಗೆ ಸಿಗುವುದು ಯಾವುದು ಅಂತ ಯೋಚಿಸಿದರೆ ಡಾಟ್ 4 ಸಾಕು ಅನ್ನಿಸುತ್ತದೆ. ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿಯಿರಿ. ಅದಕ್ಕೆ ಖರ್ಚೇ ಇಲ್ಲ.

ಟಯರ್

ನೋಟಕ್ಕೆ ಹಳೆ ಬಗೆಯ ಕ್ರಾಸ್‌ಪ್ಲೈ ಟಯರ್ ಚೆಂದ. ಪದ್ಮಿನಿಯ 5.20-14, ಅಂಬಾಸಿಡರಿನ 5.90-15 ತೆಳ್ಳಗೆ, ಎತ್ತರಕ್ಕೆ ನಿಂತರೆ ಕಾರಿನ ಮುಖವೇ ಬೇರೆ. ಆದರೆ ಒದ್ದೆ ರಸ್ತೆಯಲ್ಲಿ ಈಗಿನ ರೇಡಿಯಲ್ ಟಯರ್ ಹಿಡಿಯುವಷ್ಟು ಅದು ಹಿಡಿಯುವುದಿಲ್ಲ. ನಮ್ಮ ಊರಿನ ಮಳೆಗೆ ರೇಡಿಯಲ್ಲೇ ಸರಿ. ಸುತ್ತಳತೆ ಮೂಲ ಟಯರಿಗೆ ಹತ್ತಿರ ಇರಲಿ, ಅಗಲ ತುಂಬಾ ಹೆಚ್ಚಿಸಬೇಡಿ. ಅಗಲದ ಟಯರ್ ಹಾಕಿದರೆ ಪಾರ್ಕಿಂಗ್ ಮಾಡುವಾಗ ಸ್ಟೇರಿಂಗ್ ತಿರುಗಿಸಲು ಕೈ ಸೋಲುತ್ತದೆ, ಬಾಲ್ ಜಾಯಿಂಟ್ ಬೇಗ ಸವೆಯುತ್ತದೆ. ಒಂದೇ ಆಕ್ಸಲಿನಲ್ಲಿ ಎರಡು ಬಗೆ ಬೆರೆಸಲೇಬಾರದು. ಹಳೆ ರಿಮ್ಮಿನಲ್ಲಿ ಟಯರನ್ನು ಹಿಡಿದಿಡುವ ಅಂಚು ಇರುವುದಿಲ್ಲ, ಹಾಗಾಗಿ ಟ್ಯೂಬ್‌ಲೆಸ್ ಟಯರ್ ಕೊಂಡರೂ ಒಳಗೆ ರೇಡಿಯಲ್ ಟ್ಯೂಬ್ ಇರಲಿ.

ಟಯರಿನ ವಯಸ್ಸು ನೋಡಿ, ಗುಂಡಿಯ ಆಳ ಮಾತ್ರ ಅಲ್ಲ. ಪಕ್ಕದಲ್ಲಿ ನಾಲ್ಕು ಅಂಕೆ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ವರ್ಷಕ್ಕೆ ನಾಲ್ಕು ಸಲ ಹೊರಬರುವ ಕಾರಿನಲ್ಲಿ ಟಯರ್ ಸವೆಯುವುದಿಲ್ಲ, ರಬ್ಬರ್ ಗಟ್ಟಿಯಾಗುತ್ತದೆ. ನೋಡಲು ಹೊಸದು, ಮಳೆಯಲ್ಲಿ ಹಿಡಿತವೇ ಇಲ್ಲ.

ಬೆಲ್ಟ್

ಮೂರು ಬಿಂದುಗಳ ಸೀಟ್ ಬೆಲ್ಟನ್ನು ವೊಲ್ವೊ ಕಂಪೆನಿಯ ನಿಲ್ಸ್ ಬೋಲಿನ್ 1959ರಲ್ಲಿ ತಂದರು. ಅಂದರೆ ನಮ್ಮ ಅನೇಕ ಹಳೆ ಕಾರುಗಳಷ್ಟೇ ಹಳೆಯ ವಸ್ತು ಅದು. ಬೆಲ್ಟ್ ಹಾಕಿಸಿದರೆ ಕಾರಿನ ಹಳೆತನ ಹೋಗುತ್ತದೆ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಈ ಕಾರುಗಳ ಸ್ಟೇರಿಂಗ್ ಕಾಲಮ್ ಡಿಕ್ಕಿಯಲ್ಲಿ ಕುಸಿಯುವುದಿಲ್ಲ, ನೇರ ಎದೆಗೆ ಬರುತ್ತದೆ. ಅದನ್ನು ಬದಲಿಸುವುದು ಕಷ್ಟ. ಹಾಗಿರುವಾಗ ಎದೆ ಮತ್ತು ಕಾಲಮ್ ನಡುವೆ ನಿಲ್ಲುವುದು ಬೆಲ್ಟ್ ಒಂದೇ.

ಸೊಂಟಕ್ಕೆ ಮಾತ್ರ ಬರುವ ಬೆಲ್ಟ್ ಹಾಕುವುದು ಸುಲಭ, ಆದರೆ ಮುಂದಿನ ಸೀಟಿಗೆ ಅದು ಸಾಲದು, ತಲೆ ಡ್ಯಾಶ್‌ಬೋರ್ಡಿಗೆ ಹೊಡೆಯುತ್ತದೆ. ಹಿಂದಿನ ಸೀಟಿಗೆ ಬೇರೇನೂ ಸಾಧ್ಯವಿಲ್ಲದಿದ್ದರೆ ಅದಾದರೂ ಇರಲಿ. ಮುಂದೆ ಮೂರು ಬಿಂದುಗಳದ್ದೇ ಬೇಕು. ಅದರಲ್ಲೂ ಎರಡು ಬಗೆ. ರೀಲ್ ಇಲ್ಲದ ಬೆಲ್ಟ್ ಆ ಕಾಲದ ನೋಟಕ್ಕೆ ಹೊಂದುತ್ತದೆ. ಆದರೆ ಪ್ರತಿ ಸಲ ಬಿಗಿ ಮಾಡಬೇಕು, ಜನ ಸಡಿಲ ಬಿಡುತ್ತಾರೆ. ರೀಲ್ ಇರುವುದು ತಾನೇ ಬಿಗಿಯಾಗುತ್ತದೆ, ಮುಂದೆ ಬಾಗಲೂ ಬಿಡುತ್ತದೆ. ನಾನು ರೀಲ್ ಇರುವುದನ್ನೇ ಆರಿಸುತ್ತೇನೆ, ಯಾಕೆಂದರೆ ಜನ ಅದನ್ನು ನಿಜವಾಗಿ ಹಾಕಿಕೊಳ್ಳುತ್ತಾರೆ.

ಬೆಲ್ಟಿಗಿಂತ ಮುಖ್ಯ ಅದನ್ನು ಕಟ್ಟುವ ಜಾಗ. ಮೇಲಿನ ಬಿಂದು ಭುಜದ ಎತ್ತರಕ್ಕೋ ಅದಕ್ಕಿಂತ ಮೇಲೋ ಇರಬೇಕು. ಕೆಳಗಿದ್ದರೆ ಡಿಕ್ಕಿಯಲ್ಲಿ ಭುಜವನ್ನು ಕೆಳಕ್ಕೆ ಎಳೆದು ಬೆನ್ನುಮೂಳೆಗೆ ಏಟು. ಸೀಟಿಗೆ ಬಿಗಿಯಬಾರದು, ಆ ಸೀಟೇ ಕಿತ್ತು ಬರುತ್ತದೆ. ನೆಲಕ್ಕೆ ಬಿಗಿಯುವಲ್ಲಿ ಅಡಿಯಿಂದ ದಪ್ಪ ಸ್ಟೀಲ್ ಪ್ಲೇಟ್ ಕೊಟ್ಟು, ಬೆಲ್ಟಿಗೆಂದೇ ಇರುವ 7/16 ಇಂಚಿನ ಹೈ ಟೆನ್ಸೈಲ್ ಬೋಲ್ಟ್ ಹಾಕಬೇಕು. ಗುಜರಿಯಿಂದ ತಂದ ಬೆಲ್ಟ್ ಬೇಡ. ಒಮ್ಮೆ ಅಪಘಾತ ಕಂಡ ಬೆಲ್ಟ್ ಎಳೆದು ಸೋತಿರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಹೌದು, ಇದಕ್ಕೆ ಬಾಡಿಯಲ್ಲಿ ತೂತು ಕೊರೆಯಬೇಕಾಗುತ್ತದೆ, ಅದು ಹಿಂದಕ್ಕೆ ಪಡೆಯಲಾಗದ ಬದಲಾವಣೆ. ನಾನು ಸಂತೋಷದಿಂದ ಒಪ್ಪುವ ತೂತುಗಳು ಇವು ಮಾತ್ರ.

ಇದಕ್ಕೂ ಮುಂಚೆ ಕಾರ್ಪೆಟ್ ಎತ್ತಿ ನೆಲ ನೋಡಿ. ಬಾಡಿಗೆಗೆ ಓಡಿ ದಣಿದ ಅಂಬಾಸಿಡರುಗಳಲ್ಲಿ ಟಿಂಕರಿಂಗ್ ಮೇಲೆ ಟಿಂಕರಿಂಗ್ ಆಗಿರುತ್ತದೆ. ಹಳೆ ತುಕ್ಕಿನ ಮೇಲೆ ತಗಡಿನ ತೇಪೆ, ಅದರ ಮೇಲೆ ಪುಟ್ಟಿ, ಅದರ ಮೇಲೆ ಕಪ್ಪು ಅಂಡರ್ ಕೋಟಿಂಗ್. ಆ ಕೋಟಿಂಗ್ ಒಳಗೆ ತೇವವನ್ನು ಹಿಡಿದಿಟ್ಟು ಕಬ್ಬಿಣವನ್ನು ಇನ್ನಷ್ಟು ತಿನ್ನಿಸುತ್ತದೆ. ಸ್ಕ್ರೂ ಡ್ರೈವರಿನಿಂದ ಕುಟ್ಟಿ ನೋಡಿ. ಟಣ್ ಎನ್ನದೆ ಒಳಗೆ ಹೋದರೆ ಬೆಲ್ಟಿನ ಮಾತು ಆಮೇಲೆ, ಮೊದಲು ನೆಲಕ್ಕೆ ಸರಿಯಾದ ಗೇಜಿನ ಶೀಟ್ ಹಾಕಿಸಿ.

ಬೆಳಕು, ಗಾಜು, ಕರೆಂಟು

ಹೆಡ್‌ಲೈಟ್ ಮಂಕು ಅಂತ ನೇರ ಎಲ್‌ಇಡಿ ಬಲ್ಬ್ ತುರುಕುವವರು ಈಗ ಎಲ್ಲೆಡೆ ಇದ್ದಾರೆ. ಹ್ಯಾಲೊಜೆನ್ ತಂತಿಗಾಗಿ ಮಾಡಿದ ರಿಫ್ಲೆಕ್ಟರಿನಲ್ಲಿ ಎಲ್‌ಇಡಿಯ ಬೆಳಕು ಸಿಕ್ಕಾಪಟ್ಟೆ ಚದುರುತ್ತದೆ. ಎದುರಿನವರ ಕಣ್ಣು ಕುಕ್ಕುತ್ತದೆ, ಮಳೆಹನಿಗೆ ಬಿದ್ದು ನಮ್ಮ ಕಣ್ಣಿಗೂ ವಾಪಸ್ ಬರುತ್ತದೆ. ಅದರ ಬದಲು ಮೊದಲು ಬಲ್ಬಿನ ಹತ್ತಿರ ವೋಲ್ಟೇಜ್ ಅಳೆಯಿರಿ. ಹಳೆ ವೈರು, ಹಳೆ ಸ್ವಿಚ್ ದಾಟಿ ಬರುವಷ್ಟರಲ್ಲಿ ವೋಲ್ಟೇಜ್ ಶೇ. 10 ಇಳಿದಿದ್ದರೆ ಬೆಳಕು ಸುಮಾರು ಶೇ. 30 ಕಡಿಮೆಯಾಗಿರುತ್ತದೆ. ಬ್ಯಾಟರಿಯಿಂದ ನೇರ ದಪ್ಪ ವೈರು, ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್), ಒಂದೊಂದು ಫ್ಯೂಸ್, ಒಳ್ಳೆಯ ಅರ್ಥಿಂಗ್. ಇಷ್ಟರಲ್ಲೇ ಕಾರು ಬೇರೆಯಾಗಿ ಕಾಣುತ್ತದೆ. ಬಲ್ಬ್, ಗಾಜು ಒಂದೇ ಆಗಿರುವ ಏಳು ಇಂಚಿನ ಸೀಲ್ಡ್ ಬೀಮ್ ಇದ್ದರೆ ಅದೇ ಅಳತೆಯ ಎಚ್4 ಹ್ಯಾಲೊಜೆನ್ ಘಟಕ ಹಾಕಿ, 60/55 ವ್ಯಾಟ್ ಸಾಕು. 100 ವ್ಯಾಟ್ ಬಲ್ಬ್ ಹಳೆ ವೈರನ್ನು ಸುಡುತ್ತದೆ. ಹಿಂದಿನ ಲೈಟಿಗೆ ಮಾತ್ರ ಕೆಂಪು ಎಲ್‌ಇಡಿ ಬಲ್ಬ್ ಒಳ್ಳೆಯದೇ. ಮಳೆಯಲ್ಲಿ ನಿಮ್ಮನ್ನು ಹಿಂದಿನವರು ನೋಡಬೇಕು. ಹಿಂದಿನ ಗಾಜಿನ ಒಳಗೆ ಕ್ಲಿಪ್ಪಿನಲ್ಲಿ ನಿಲ್ಲುವ ಮೂರನೇ ಬ್ರೇಕ್ ಲೈಟ್ ಇನ್ನೂ ಒಳ್ಳೆಯದು, ಪ್ರದರ್ಶನದ ದಿನ ಕಳಚಿ ಇಡಬಹುದು.

ಹಳೆ ಮುಂದಿನ ಗಾಜು ಟಫನ್ಡ್ ಆಗಿದ್ದರೆ ಒಂದು ಕಲ್ಲು ಬಿದ್ದರೂ ಪೂರ್ತಿ ಪುಡಿಯಾಗಿ ಎದುರು ಏನೂ ಕಾಣದಂತಾಗುತ್ತದೆ. ನಡುವೆ ಪ್ಲಾಸ್ಟಿಕ್ ಪದರ ಇರುವ ಲ್ಯಾಮಿನೇಟೆಡ್ ಗಾಜು ಒಡೆದರೂ ಹಿಡಿದು ನಿಲ್ಲುತ್ತದೆ. ನೋಟದಲ್ಲಿ ವ್ಯತ್ಯಾಸ ಇಲ್ಲ. ಇಲ್ಲಿ ಹೋಲಿಸಲು ಏನೂ ಇಲ್ಲ, ಲ್ಯಾಮಿನೇಟೆಡ್ ಹಾಕಿಸಿ.

ಬ್ಯಾಟರಿ ಚಾರ್ಜ್ ಮಾಡಲು ಹಳೆ ಕಾಲದ ಡೈನಮೊ ಇರುವ ಕಾರಿನವರಿಗೆ ಮಳೆಗಾಲದ ರಾತ್ರಿ ಮಂಗಳೂರಿನ ಪಂಪ್‌ವೆಲ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಕಷ್ಟ. ಎಂಜಿನ್ ನಿಧಾನ ತಿರುಗುವಾಗ ಡೈನಮೊ ಚಾರ್ಜ್ ಮಾಡುವುದೇ ಇಲ್ಲ ಎನ್ನಬಹುದು. ಲೈಟ್, ವೈಪರ್ ಎಲ್ಲ ಬ್ಯಾಟರಿಯನ್ನೇ ಕುಡಿಯುತ್ತವೆ. ಸ್ವಲ್ಪ ಹೊತ್ತಿಗೆ ವೈಪರ್ ತೆವಳಲು ಶುರು. ಆಲ್ಟರ್ನೇಟರ್ ಈ ಕಷ್ಟ ತಪ್ಪಿಸುತ್ತದೆ, ಬ್ರ್ಯಾಕೆಟ್ ಸಮೇತ ಬಿಚ್ಚಿಡಲೂ ಬರುತ್ತದೆ. ಬ್ರಿಟಿಷ್ ಮೂಲದ ಕಾರಾದರೆ ಪಾಸಿಟಿವ್ ಅರ್ಥ್ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಜೋಡಣೆ) ಇದೆಯಾ ಅಂತ ಮೊದಲು ನೋಡಿ, ನೋಡದೆ ಜೋಡಿಸಿದರೆ ಹೊಸ ಆಲ್ಟರ್ನೇಟರ್ ಸುಟ್ಟು ಹೋಗುತ್ತದೆ. ಬರೀ ಭಾನುವಾರ ಹಗಲು ಮಲ್ಪೆವರೆಗೆ ಹೋಗಿ ಬರುವ ಕಾರಿಗೆ ಡೈನಮೊ ಸಾಕು.

ಬೆಂಕಿಯ ವಿಷಯದಲ್ಲಿ ಆಯ್ಕೆ ಬೇಡ, ಎಲ್ಲವೂ ಬೇಕು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಶೇ. 20ರವರೆಗೆ ಇದೆ. ಹಳೆ ರಬ್ಬರ್ ಹೋಸ್, ಪೆಟ್ರೋಲ್ ಪಂಪಿನ ಡಯಾಫ್ರಂ ಅದಕ್ಕೆ ಮೆತ್ತಗಾಗಿ ಒಡೆಯುತ್ತದೆ, ಕೆಳಗೆ ಬಿಸಿ ಮ್ಯಾನಿಫೋಲ್ಡ್. ಎಥೆನಾಲ್ ತಡೆಯುವ ಹೋಸ್, ಬ್ಯಾಟರಿ ಕಟ್-ಆಫ್ ಸ್ವಿಚ್, ಡ್ರೈವರ್ ಕೈಗೆ ಸಿಗುವಲ್ಲಿ ಬೆಂಕಿ ಆರಿಸುವ ಒಂದು ಕಿಲೋದ ಎಬಿಸಿ ಪೌಡರ್ ಸಿಲಿಂಡರ್.

ಆರ್‌ಟಿಒ ಕಡೆಯಿಂದ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪೆನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಹಾಗೆ ವಾಹನವನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಬೇರೆ ಎಂಜಿನ್ ಹಾಕುವುದು, ಚಾಸಿ ಕತ್ತರಿಸುವುದು ದೊಡ್ಡ ತಲೆನೋವು. 2021ರ ನಿಯಮದಲ್ಲಿ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ನಂಬರ್ ಪ್ಲೇಟಿನಲ್ಲಿ ವಿಎ ಅಕ್ಷರ ಬರುತ್ತದೆ. ಆದರೆ ಚಾಸಿ, ಬಾಡಿ ಶೆಲ್, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು, ದಿನನಿತ್ಯದ ಓಡಾಟಕ್ಕೂ ಬಳಸುವಂತಿಲ್ಲ. ಡಿಸ್ಕ್, ಸರ್ವೊದಂಥ ಕೆಲಸಕ್ಕೆ ಇಳಿಯುವ ಮುನ್ನ ಕೆಎ 19 (ಮಂಗಳೂರು) ಆಗಲಿ ಕೆಎ 20 (ಉಡುಪಿ) ಆಗಲಿ, ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಬರವಣಿಗೆಯಲ್ಲೇ ಕೇಳಿ. ಇನ್ಶೂರೆನ್ಸ್‌ನವರಿಗೂ ತಿಳಿಸಿ.

ಹಾಗಾದರೆ ಯಾರಿಗೆ ಯಾವುದು?

ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ನೋಡುವಂಥ ಅಪರೂಪದ ಕಾರು ನಿಮ್ಮಲ್ಲಿದ್ದು, ಅದು ವರ್ಷಕ್ಕೆ ಒಂದೆರಡು ಸಲ ಹೊರಬರುವುದಾದರೆ ಏನನ್ನೂ ಸೇರಿಸಬೇಡಿ. ಮೂಲ ಬ್ರೇಕನ್ನು ಸರಿ ಮಾಡಿಸಿ, ಟಯರ್, ಹೋಸ್, ಆಯಿಲ್ ಹೊಸದು ಹಾಕಿ, ನಿಧಾನ ಓಡಿಸಿ.

ಮನೆಯವರೆಲ್ಲ ಕೂತು ಕಾರ್ಕಳಕ್ಕೋ ಕುಂದಾಪುರಕ್ಕೋ ಮದುವೆಗೆ ಹೋಗುವ ಅಂಬಾಸಿಡರ್, ಪದ್ಮಿನಿ ಆದರೆ ನನ್ನ ಕ್ರಮ ಇದು. ನೆಲದ ತುಕ್ಕು, ರೇಡಿಯಲ್ ಟಯರ್, ಬ್ರೇಕಿನ ಪೂರ್ತಿ ಕೆಲಸ ಮತ್ತು ಡಾಟ್ 4, ಮುಂದೆ ಹಿಂದೆ ಬೆಲ್ಟ್, ರಿಲೇ ಹಾಕಿದ ಹೆಡ್‌ಲೈಟ್, ಲ್ಯಾಮಿನೇಟೆಡ್ ಗಾಜು, ಆಮೇಲೆ ಟ್ಯಾಂಡಮ್. ಒಂದೇ ಸಲ ಆಗದಿದ್ದರೆ ಮಳೆಗಾಲಕ್ಕೆ ಮುಂಚೆ ಮೊದಲ ಮೂರು ಮುಗಿಸಿ.

ತಿಂಗಳಿಗೊಮ್ಮೆಯಾದರೂ ಘಾಟಿ ಹತ್ತಿ ಇಳಿಯುವ ಅಂಬಾಸಿಡರಿಗೆ ಮಾತ್ರ ಇದರ ಮೇಲೆ ಕಂಪೆನಿಯ ಡಿಸ್ಕ್ ಸೇರಿಸಿ. ಬಿಚ್ಚಿದ ಡ್ರಮ್, ಪ್ಲೇಟ್, ಮಾಸ್ಟರ್ ಸಿಲಿಂಡರನ್ನು ಗ್ಯಾರೇಜಿನಲ್ಲಿ ಬಿಡಬೇಡಿ, ಗುಜರಿಗೆ ಹೋಗುತ್ತವೆ. ಗ್ರೀಸ್ ಹಚ್ಚಿ, ಯಾವುದು ಯಾವ ಚಕ್ರದ್ದು ಅಂತ ಚೀಟಿ ಕಟ್ಟಿ ಮನೆಗೆ ತನ್ನಿ. ಕೆಲಸ ಮುಗಿದ ಮೇಲೆ ನೇರ ಘಾಟಿಗೆ ಹೋಗಬೇಡಿ. ಖಾಲಿ ರಸ್ತೆಯಲ್ಲಿ 30ರಲ್ಲಿ, ಆಮೇಲೆ 50ರಲ್ಲಿ ಒತ್ತಿ ನೋಡಿ, ಕಾರು ಯಾವ ಬದಿಗೆ ಎಳೆಯುತ್ತದೆ ಗಮನಿಸಿ, ವಾಪಸ್ ಬಂದು ನಾಲ್ಕೂ ಚಕ್ರದ ಹತ್ತಿರ ಆಯಿಲ್ ಒಸರಿದೆಯಾ ನೋಡಿ. ಒಂದು ವಾರ ಊರೊಳಗೆ ಓಡಿಸಿ, ಮೇಸ್ತ್ರಿಯ ಕೈಯಲ್ಲಿ ಬ್ರೇಕ್ ಮತ್ತೊಮ್ಮೆ ಅಡ್ಜಸ್ಟ್ ಮಾಡಿಸಿ, ಅದಾದ ಮೇಲೆ ಚಾರ್ಮಾಡಿಗೆ ಹೊರಡಿ.